ಒತ್ತಕ್ಷರಕ್ಕೆ ಜಾಗ ಬೇಕು

ಶಿಡ್ಲಘಟ್ಟ ಎಂದು ಬರೆಯಲು ನಾಲ್ಕೇ ಅಕ್ಷರ ಸಾಕು. ಆದರೆ ಅವುಗಳಲ್ಲಿ ಎರಡಕ್ಕೆ ಒತ್ತು. ಡಕಾರದ ಕೆಳಗೆ ಲ, ಟಕಾರದ ಕೆಳಗೆ ಇನ್ನೊಂದು ಟ. ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಯ ಫಲಕ ಬರೆದವನಿಗೆ ಇದೇನೂ ತೊಂದರೆ ಕೊಟ್ಟಿರಲಾರದು. ನಾನು ಮನೆಯಲ್ಲಿ ಝಡ್80 ಪ್ರೊಸೆಸರ್ ಇಟ್ಟುಕೊಂಡು ಕಟ್ಟುತ್ತಿರುವ ಕಂಪ್ಯೂಟರಿಗೆ ಮಾತ್ರ ಅದು ದೊಡ್ಡ ಪ್ರಶ್ನೆ. ಅದರ ಪರದೆಯ ಮೇಲೆ ಮೊದಲು ಊರಿನ ಹೆಸರೇ ಮೂಡಬೇಕು, ಕನ್ನಡದಲ್ಲೇ ಮೂಡಬೇಕು ಎಂಬುದು ನನ್ನ ಹಟ.

ಪರದೆಗೆ ಸೆಕೆಂಡಿಗೆ ಐವತ್ತು ಸಲ ಚಿತ್ರ ಕಳಿಸುತ್ತ ಕೂತರೆ ಝಡ್80ಗೆ ಬೇರೆ ಕೆಲಸಕ್ಕೆ ಬಿಡುವೇ ಇರುವುದಿಲ್ಲ. ಅದಕ್ಕೇ ಚಿತ್ರದ ಹೊಣೆ ಹೊರಲು ಇನ್ನೊಂದು ಚಿಪ್ ಬೇಕು.

ಇಂಥ ಯಂತ್ರ ಕಟ್ಟುವವರು ಮೊದಲು ಕೈಹಾಕುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್9918ಗೆ. 1979ರ ಟಿಐ-99/4 ಕಂಪ್ಯೂಟರಿನೊಂದಿಗೆ ಬಂದ ಚಿಪ್. ಪರದೆ 256 ಚುಕ್ಕಿ ಅಗಲ, 192 ಎತ್ತರ. 16 ಕಿಲೋಬೈಟ್ ನೆನಪು. ಬರಹಕ್ಕೆಂದೇ ಇರುವ ವಿಧಾನದಲ್ಲಿ ಒಂದೊಂದು ಅಕ್ಷರಕ್ಕೂ ಆರು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಗೂಡು. ಒಟ್ಟು 256 ಆಕಾರ. ಇಂಗ್ಲಿಷಿಗೆ ಅದು ಧಾರಾಳ. ನಮ್ಮಲ್ಲಿ ಒತ್ತು ಬಿಟ್ಟು ಬರೀ ಕಾಗುಣಿತವೇ ನಾನೂರು ದಾಟುತ್ತದೆ, ಮತ್ತೆ ಆ ಎಂಟು ಚುಕ್ಕಿಯೊಳಗೆ ಒತ್ತು ಎಲ್ಲಿ ಕೂರಬೇಕು? ಅದರ ನಂತರದ 9918ಎ ರೂಪದಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಡಿಸುವ ವಿಧಾನವೂ ಇದೆ. ಆಗ ಝಡ್80 ಸಣ್ಣ ಕಿಟಕಿಯಿಂದ ಕೈ ಚಾಚಿದಂತೆ ಒಂದೊಂದೇ ಬೈಟ್ ಓದಿ, ಒತ್ತು ಸೇರಿಸಿ, ಮತ್ತೆ ಬರೆಯಬೇಕು.

ಈ ಕಷ್ಟ ನನಗೊಬ್ಬನಿಗೇ ಬಂದದ್ದಲ್ಲ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸುತ್ತಿದ್ದದ್ದು ಇದಕ್ಕೇ: ಇಂಗ್ಲಿಷಿಗಾಗಿ ಬರೆದ ಪ್ರೋಗ್ರಾಮುಗಳಲ್ಲೂ ಭಾರತೀಯ ಲಿಪಿ ಕಾಣಲೆಂದು. ನಮ್ಮ ಲಿಪಿಗೆಂದೇ ಒಂದು ಹಲಗೆ ಮಾಡಬೇಕಾದ ಕಾಲ ಅದು.

ನಾನು ಕೊನೆಗೆ ಆರಿಸಿದ್ದು ಯಮಹಾದ ವಿ9938. ಹೌದು, ಬೈಕು ಮಾಡುವ ಅದೇ ಹೆಸರು. 1985ರ ಎಂಎಸ್‌ಎಕ್ಸ್2 ಕಂಪ್ಯೂಟರುಗಳಲ್ಲಿದ್ದ ಚಿಪ್, 9918ರ ವಂಶದ್ದೇ. 512 ಚುಕ್ಕಿ ಅಗಲ, 212 ಎತ್ತರ, 16 ಬಣ್ಣ. 128 ಕಿಲೋಬೈಟ್ ನೆನಪು ಕೊಟ್ಟರೆ ಇಂಥ ಎರಡು ಪುಟ ಹಿಡಿಸುತ್ತವೆ. ಕಾಣುವ ಪುಟ ಒಂದು. ಕಾಣದ ಪುಟದಲ್ಲಿ ಅಕ್ಷರಗಳ, ಒತ್ತುಗಳ ಅಚ್ಚು. ‘ಇಲ್ಲಿಂದ ಇಷ್ಟು ಎತ್ತಿ ಅಲ್ಲಿಗೆ ಹಾಕು, ಖಾಲಿ ಚುಕ್ಕಿಗಳನ್ನು ಬಿಟ್ಟುಬಿಡು’ ಎಂಬ ಆಜ್ಞೆ ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಅಂದರೆ ಡ ಹಾಕಿದ ಮೇಲೆ ಅದನ್ನು ಕೆಡಿಸದೆ ಕೆಳಗೆ ಲ ಒತ್ತಬಹುದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಅಕ್ಕನ ಮಗನಿಗೆ ಇದು ಹುಚ್ಚಾಟ. “ಮಾಮ, ಐನೂರು ರೂಪಾಯಿ ಒಳಗೆ ಪಿಕೊ ಸಿಗ್ತದೆ, ಅದರಲ್ಲೇ ಎಲ್ಲ ಆಗೋಗ್ತದೆ” ಅನ್ನುತ್ತಾನೆ. ನಿಜ. ಪಿಕೊ ಬೋರ್ಡಿನ ಆರ್‌ಪಿ2040ರಲ್ಲಿ ಎರಡು ಪ್ರೊಸೆಸರ್, 264 ಕಿಲೋಬೈಟ್ ನೆನಪು. ಝಡ್80 ತಲುಪಬಲ್ಲದ್ದು ಬರೀ 64. ಆಳು ಯಜಮಾನನಿಗಿಂತ ನೂರು ಪಾಲು ಬಲಶಾಲಿಯಾದರೆ ಯಜಮಾನನೇಕೆ ಬೇಕು? ಅವನ ಬಳಿ ಉತ್ತರವಿಲ್ಲ. ಪೂರ್ತಿ ಒಪ್ಪಿಸುವಂಥದ್ದು ನನ್ನ ಬಳಿಯೂ ಇಲ್ಲ.

ವಿ9938 ಈಗ ತಯಾರಾಗುತ್ತಿಲ್ಲ. ಹೊರದೇಶದಿಂದ ತರಿಸಿದ ಎರಡರಲ್ಲಿ ಒಂದರ ಬೆನ್ನನ್ನು ಯಾರೋ ಉಜ್ಜಿ ಹೊಸದಾಗಿ ನಂಬರು ಹೊಡೆದಿದ್ದಾರೆ. ಇನ್ನೊಂದು ಅಸಲಿಯಂತೆ ಕಾಣುತ್ತದೆ. ಅದರ 64 ಕಾಲುಗಳ ನಡುವಿನ ಅಂತರ 1.778 ಮಿಲಿಮೀಟರ್, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಬೋರ್ಡಿನ ತೂತುಗಳ ಅಂತರ 2.54. ಹಾಗಾಗಿ ನಡುವೆ ಒಂದು ಸಣ್ಣ ಬೋರ್ಡು ಮಾಡಿಸಬೇಕು.

ಅಲ್ಲಿಯವರೆಗೆ ಗ್ರಾಫ್ ಪುಸ್ತಕದಲ್ಲಿ ಅಕ್ಷರ ಬಿಡಿಸುತ್ತಿದ್ದೇನೆ. ಈ ಪರದೆಯ ಚುಕ್ಕಿ ಅಗಲಕ್ಕಿಂತ ಸುಮಾರು ಎರಡು ಪಟ್ಟು ಎತ್ತರ, ಆದ್ದರಿಂದ ದುಂಡಗೆ ಕಾಣಲೆಂದು ಅಕ್ಷರವನ್ನು 24 ಅಗಲ, 12 ಎತ್ತರಕ್ಕೆ ಎಳೆದಿದ್ದೇನೆ. ಒತ್ತಿಗೆ ಎಂಟು, ಸಾಲುಗಳ ನಡುವೆ ಒಂದು. ಸಾಲಿಗೆ 21 ಅಕ್ಷರ, ಪರದೆಗೆ ಹತ್ತು ಸಾಲು. ಡ್ಲ ಸರಿಯಾಗಿ ಕೂತಿದೆ. ಟ್ಟದ ಒತ್ತು ಇನ್ನೂ ಒಂದು ಚುಕ್ಕಿ ಹೊರಗೆ ಚಾಚುತ್ತಿದೆ. ಇವತ್ತು ರಾತ್ರಿ ಅಳಿಸಿ ಮತ್ತೆ ಬರೆಯಬೇಕು.