ಯಾರ ಜೊತೆ ಹೋಗ್ತೀಯ, ಮೊದಲು ಅದು ಹೇಳು

ನವೆಂಬರ್ 2, 2025, ಭಾನುವಾರ

ಬೆಣ್ಣೆಯ ಚಿಕ್ಕಪ್ಪನ ಮಗಳು ದಾವಣಗೆರೆಯಿಂದ ಬಂದಿಳಿದಳು. ಬೆಣ್ಣೆ ಅಂದರೆ ನನ್ನ ರೂಮ್‌ಮೇಟ್. ನಾಲ್ಕು ಜನ ಸೇರಿದ ಕಡೆ ಊರಿನ ಬೆಣ್ಣೆದೋಸೆ ಪುರಾಣ ಬಿಚ್ಚುತ್ತಾಳಾದ್ದರಿಂದ ಹೆಸರು ಅವಳೇ ಸಂಪಾದಿಸಿಕೊಂಡದ್ದು. ತಂಗಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಹತ್ತಿದರೆ ಸೀದಾ ಆ ಕಡೆಗೇ ಬಿಡುತ್ತದೆ. ಹಾಗಾಗಿ ತ್ಯಾಗರಾಜನಗರದ ನಮ್ಮ ಮನೆಗೇ ಮೂರನೆಯವಳಾಗಿ ಸೇರಿಕೊಂಡಳು. ಬಾಡಿಗೆ ಮೂರು ಪಾಲಾಯಿತೆಂದು ನಮಗಿಬ್ಬರಿಗೂ ಒಳಗೊಳಗೇ ಖುಷಿ.

ಬ್ಯಾಗು ಇಳಿಸಿದವಳೇ ನೋಟ್‌ಬುಕ್ ತೆಗೆದಳು. "ಅಕ್ಕಾ, ಬೆಂಗ್ಳೂರಾಗ ಎಲ್ಲೆಲ್ಲಿ ಹೋಗ್ಬೇಕು, ಏನೇನು ತಿನ್ಬೇಕು, ಒಂದು ಲಿಸ್ಟ್ ಹೇಳ್ರಿ."

"ಯಾರ ಜೊತೆ ಹೋಗ್ತೀಯ?"

"ಇನ್ನೂ ಯಾರೂ ಇಲ್ರೀ."

"ಹಾಗಾದ್ರೆ ಲಿಸ್ಟೂ ಇಲ್ಲ."

ಮುಖ ಸಣ್ಣದು ಮಾಡಿಕೊಂಡಳು. ತಮಾಷೆಗೆ ಅಂದದ್ದಾದರೂ ನಾನು ನಂಬಿರುವುದು ಅದನ್ನೇ. ಒಂದೇ ಹೋಟೆಲು ಒಬ್ಬರ ಜೊತೆ ಹೋದರೆ ಸ್ವರ್ಗ, ಇನ್ನೊಬ್ಬರ ಜೊತೆ ಹೋದರೆ ಯಾವಾಗ ಎದ್ದೇವೋ ಅನ್ನಿಸುತ್ತದೆ. ಅವಳು ಮಲಗಿದ ಮೇಲೆ ಕೂತು ಒಂದಿಷ್ಟು ಬರೆದೆ.

ಈಗಷ್ಟೇ ಪರಿಚಯವಾದವರ ಜೊತೆ: ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇರುವ ಪುಟ್ಟ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಸಾಂಬಾರಿಲ್ಲ, ಚಟ್ನಿ ಕೇಳಿದಷ್ಟು. ನಿಂತೇ ತಿನ್ನುವುದು. ಮಾತು ಕುದುರದಿದ್ದರೆ ಕಾಫಿ ಮುಗಿಸಿ "ಬರ್ತೀನಿ" ಅಂದರೆ ಯಾರಿಗೂ ಬೇಜಾರಿಲ್ಲ. ಕುದುರಿದರೆ ಗಾಂಧಿಬಜಾರಿನವರೆಗೆ ನಡೆಯಬಹುದು.

ಹಳೇ ಸ್ನೇಹಿತರ ಜೊತೆ: ವಿದ್ಯಾರ್ಥಿ ಭವನ, 1943ರದು. ರಜೆಯ ದಿನ ಹೆಸರು ಬರೆಸಿ ಬಾಗಿಲ ಹೊರಗೆ ಕಾಯಬೇಕು. ನಿಜವಾದ ಮಾತುಕತೆ ನಡೆಯುವುದು ಆಗಲೇ. ಒಳಗೆ ಕೂತ ಮೇಲೆ ಮಾಣಿ ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ನೋಡುತ್ತ ಎಲ್ಲ ಮರೆತುಹೋಗುತ್ತದೆ. ತಿಂದ ಮೇಲೆ ಹಿಂದಿನವರು ಕುರ್ಚಿಗೆ ಕಾಯುತ್ತಿರುತ್ತಾರೆ. ಶುಕ್ರವಾರ ಹೋಗಬೇಡ, ರಜೆ.

ಮಾತು ಕಡಿಮೆ ಇರುವವರ ಜೊತೆ: ಪುಸ್ತಕದಂಗಡಿ. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಆದರೂ ಸರಿ, ಗಾಂಧಿಬಜಾರಿನ ಅಂಕಿತ ಆದರೂ ಸರಿ. ನೀನೊಂದು ಕಪಾಟು, ಅವರೊಂದು ಕಪಾಟು. ಅರ್ಧ ಗಂಟೆ ಬಿಟ್ಟು ಬಿಲ್ ಹಾಕಿಸುವ ಕಡೆ ಸೇರಿ ಕೈಯಲ್ಲೇನಿದೆ ನೋಡಿಕೊಂಡರೆ ಸಾಕು.

ಯಾರ ಜೊತೆಗೂ ಬೇಡ: ಭಾನುವಾರದ ನಸುಕಿನಲ್ಲಿ ನಂದಿಬೆಟ್ಟ. ಮೂರೂವರೆಗೆ ಎದ್ದು ಹೊರಟರೂ ಕೆಳಗೆ ಗಾಡಿಗಳ ಸಾಲು. ಸೂರ್ಯ ಹುಟ್ಟುವುದು ಕಾರಿನ ಸೈಡ್ ಮಿರರ್‌ನಲ್ಲಿ.

ನವೆಂಬರ್ 6, ಗುರುವಾರ

ನಮ್ಮ ಕಾಲೇಜಿನವರ ವಾಟ್ಸಾಪ್ ಗ್ರೂಪಿನ ಹೆಸರು 'ಗೋಕರ್ಣ ಪಕ್ಕಾ'. ಗೋಕರ್ಣಕ್ಕೆ ಇದುವರೆಗೆ ಯಾರೂ ಹೋಗಿಲ್ಲ. ಇವತ್ತು ಮತ್ತೆ ಒಬ್ಬ, "ಸಿಗಬೇಕು ಕಣ್ರೋ, ತುಂಬಾ ದಿನ ಆಯ್ತು" ಎಂದು ಹಾಕಿದ. ಎಲ್ಲರೂ ಕೆಂಪು ಹೃದಯ ಒತ್ತಿದರು. "ನಾನು ಯಾವಾಗ ಬೇಕಾದ್ರೂ ರೆಡಿ" ಅಂದವಳಿಗೆ ಶನಿವಾರ ಆಗದು, ಭಾನುವಾರ ಅತ್ತೆ ಬರುತ್ತಾರೆ. ಯಾರೋ ಪೋಲ್ ಹಾಕಿದರು. ಇರುವ ಜನಕ್ಕಿಂತ ಪೋಲ್‌ನಲ್ಲಿ ದಿನಗಳೇ ಹೆಚ್ಚು. ಅದು ಮುಗಿಯುವಷ್ಟರಲ್ಲಿ ಮಾತು ಹಾಸ್ಟೆಲ್ ಡೇ ಫೋಟೊಗಳ ಕಡೆ ಹೊರಳಿತು.

ನನ್ನ ದಾರಿಯೇ ಬೇರೆ. ಬೆಣ್ಣೆ ಜೊತೆ ಕೂತು ರಂಗಶಂಕರದ ಭಾನುವಾರದ ನಾಟಕಕ್ಕೆ ಟಿಕೆಟ್ ತೆಗೆದು ಗ್ರೂಪಿಗೆ ಹಾಕಿದೆ: "ನಾವಿಬ್ರು ಹೋಗ್ತಿದೀವಿ. ಬರೋರು ಬನ್ನಿ. ಏಳಕ್ಕೆ ಅಲ್ಲಿನ ಕೆಫೆಯಲ್ಲಿರ್ತೀವಿ." ಗುಂಡ ಕೂತಲ್ಲೇ ಟಿಕೆಟ್ ತೆಗೆದುಬಿಟ್ಟ. ಎಲ್ಲರನ್ನೂ ಕೇಳಿ ದಿನ ಗೊತ್ತು ಮಾಡುವುದು ಮದುವೆಗೆ ಸರಿ. ಕಾಫಿಗೆ ಇಬ್ಬರು ಗೊತ್ತು ಮಾಡಿ ಉಳಿದವರಿಗೆ ತಿಳಿಸಿದರೆ ಸಾಕು.

ನವೆಂಬರ್ 9, ಭಾನುವಾರ

ರಂಗಶಂಕರ, ಜೆ.ಪಿ. ನಗರ. ಶಂಕರ್‌ನಾಗ್ ನೆನಪಿಗೆಂದು ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿ 2004ರಲ್ಲಿ ಬಾಗಿಲು ತೆರೆದ ರಂಗಮಂದಿರ. ಆ ಬಾಗಿಲಿನ ಗುಣ ಊರಿಗೆಲ್ಲ ಗೊತ್ತು: ನಾಟಕ ಶುರುವಾಯಿತೆಂದರೆ ತಡವಾಗಿ ಬಂದವರು ಯಾರೇ ಆಗಲಿ, ಹೊರಗೇ.

ಏಳು ಕಾಲಾದರೂ ಗುಂಡನ ಸುಳಿವಿಲ್ಲ. ಫೋನ್ ಮಾಡಿದೆ.

"ಸಿಲ್ಕ್ ಬೋರ್ಡ್ ದಾಟಿದೆ, ಐದು ನಿಮಿಷ!"

ಹಿಂದೆ ಕುಕ್ಕರ್ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಲೂನಿನಿಂದ ಮೊಬೈಲ್ ಚಾರ್ಜರ್‌ವರೆಗೆ ಎಲ್ಲ ಸಿಗುತ್ತದೆ, ಒಲೆಯ ಮೇಲಿನ ಕುಕ್ಕರ್ ಒಂದನ್ನು ಬಿಟ್ಟು.

ಇನ್ನೇನು ಬಾಗಿಲು ಹಾಕುವ ಹೊತ್ತು. ಬೆಣ್ಣೆ "ಕಾಯೋಣವಾ?" ಅಂದಳು. ಒಳಗೆ ನಡೆದೆವು. ನಾಟಕ ಮುಗಿಸಿ ಬಂದರೆ ಗುಂಡ ಕೆಫೆಯಲ್ಲಿ ಸಾಬುದಾನಿ ವಡೆ ಮುಂದಿಟ್ಟುಕೊಂಡು ಕೂತಿದ್ದ. ನಮಗೂ ಒಂದೊಂದು ತಟ್ಟೆ ಹೇಳಿಟ್ಟಿದ್ದ. ಕೋಪ ಮಾಡಿಕೊಳ್ಳಲು ಅವಕಾಶವನ್ನೇ ಕೊಡುವುದಿಲ್ಲ, ಖದೀಮ.

ತಡವಾಗಿ ಬರುವ ಸ್ನೇಹಿತರ ವಿಷಯದಲ್ಲಿ ನನ್ನ ಸಲಹೆ: ಉಪದೇಶ ಬೇಡ, ತಡವಾದರೆ ನಷ್ಟ ಅವರಿಗೇ ಆಗುವಂಥ ಕಡೆಗೆ ಕರೆಯಿರಿ. ಏಳೂವರೆಯ ಆಟಕ್ಕೆ ಆರೂವರೆ ಎಂದು ಸುಳ್ಳು ಹೇಳುವುದು ಹಲವರ ಉಪಾಯ. ಅದು ಎರಡು ಸಲ ನಡೆಯುತ್ತದೆ, ಆಮೇಲೆ ಅವರೂ ಲೆಕ್ಕ ಹಾಕಿ ಒಂದು ಗಂಟೆ ಕಳೆಯಲು ಕಲಿಯುತ್ತಾರೆ.

ನವೆಂಬರ್ 17, ಸೋಮವಾರ

ಕಾರ್ತಿಕದ ಕಡೇ ಸೋಮವಾರ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆಫೀಸಿನಿಂದ ಸೀದಾ ಬುಲ್ ಟೆಂಪಲ್ ರಸ್ತೆಗೆ. ಬಸವ ಬಂದು ಹೊಲದ ಕಡಲೆಕಾಯಿ ತಿಂದು ಹೋಗುತ್ತಿತ್ತಂತೆ, ರೈತರು ಮೊದಲ ಫಸಲನ್ನು ಅದಕ್ಕೇ ಒಪ್ಪಿಸುತ್ತೇವೆಂದು ಹರಸಿಕೊಂಡರಂತೆ ಎಂದು ತಂಗಿಗೆ ಕತೆ ಹೇಳಿದೆ. "ಎಷ್ಟು ತಿಂದಿತ್ತೋ ಏನೋ, ಇನ್ನೂ ತೀರಿಸ್ತಾನೇ ಇದಾರಲ್ರೀ" ಅಂದಳು. ಈ ಹುಡುಗಿ ಬೆಂಗಳೂರಲ್ಲಿ ಬದುಕುತ್ತಾಳೆ.

ರಸ್ತೆಯ ಎರಡೂ ಬದಿ ಗುಡ್ಡೆಗುಡ್ಡೆ. ಹಸಿಯದು, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ಒಬ್ಬಮ್ಮ ಸೇರಿನಲ್ಲಿ ತುಂಬಿಸಿ, ಮೇಲೆ ಕೈಯಡ್ಡ ಹಿಡಿದು ಇನ್ನಷ್ಟು ಏರಿಸಿ ಚೀಲಕ್ಕೆ ಸುರಿದಳು. ಆಮೇಲೆ ಕೊಸರು ಎಂದು ಇನ್ನೊಂದು ಹಿಡಿ. ಬೆಣ್ಣೆಗೆ ಆ ಕೊಸರಿನದೂ ಲೆಕ್ಕ ಬೇಕು. ಸ್ಪ್ಲಿಟ್‌ವೈಸ್ ತೆಗೆದು ಕಡಲೆಕಾಯಿ, ಕಡ್ಲೆಪುರಿ, ಕಲ್ಯಾಣಸೇವೆ ಎಲ್ಲ ಬೇರೆಬೇರೆ ಬರೆಯತೊಡಗಿದಳು. ಹಿಂದಿನಿಂದ ಜನ ನೂಕುತ್ತಿದ್ದಾರೆ, ಇವಳು ಮೂರರಿಂದ ಭಾಗಿಸುತ್ತಿದ್ದಾಳೆ.

ಮನೆಗೆ ಬಂದು ಪೇಪರ್ ಹಾಸಿ, ಸಿಪ್ಪೆ ಬಿಡಿಸುತ್ತ ಮೂವರೂ ಒಂದು ಒಪ್ಪಂದ ಮಾಡಿಕೊಂಡೆವು. ನೂರು ರೂಪಾಯಿಯ ಒಳಗಿನದಕ್ಕೆ ಲೆಕ್ಕವಿಲ್ಲ, ಇವತ್ತು ನೀನು ಕೊಟ್ಟರೆ ನಾಳೆ ನಾನು. ಅದರ ಮೇಲಿನದು ಅವತ್ತೇ ಚುಕ್ತಾ. ಬಾಡಿಗೆ, ಕರೆಂಟು, ಗ್ಯಾಸು 5ನೇ ತಾರೀಖಿನೊಳಗೆ, ನೆನಪಿಸಬೇಕಾದ ಸ್ಥಿತಿ ಬರಬಾರದು. ಕೈಸಾಲ ಕೊಟ್ಟರೆ ಯಾವಾಗ ವಾಪಸ್ ಎಂದು ಕೊಡುವಾಗಲೇ ಕೇಳುವುದು. ಕೊಡುವಾಗ ಸಂಕೋಚಪಟ್ಟವರು ಆಮೇಲೆ ಮನಸ್ಸಿನಲ್ಲೇ ಬಡ್ಡಿ ಹಾಕುತ್ತಾರೆ.

ನವೆಂಬರ್ 26, ಬುಧವಾರ

ಮಧ್ಯಾಹ್ನ ಒಂದು ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ್ದು. ಪರಿಚಯ ಸ್ನೇಹದ ಮೊದಲ ಮೆಟ್ಟಿಲು ಹತ್ತಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕಂತೆ, ಆಪ್ತಸ್ನೇಹಕ್ಕೆ 200 ಗಂಟೆಗೂ ಮೇಲೆ. ಜೊತೆಯಲ್ಲಿ ಕೆಲಸ ಮಾಡಿದ ಗಂಟೆಗಳಿಗೆ ಅಷ್ಟು ತೂಕವಿಲ್ಲವಂತೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವನ ಹೆಂಡತಿಯ ಹೆಸರು ನನಗೇಕೆ ಗೊತ್ತಿಲ್ಲ ಅನ್ನುವುದು ಈಗ ತಿಳಿಯಿತು.

ಲೆಕ್ಕ ಹಾಕಿದೆ. ತಿಂಗಳಿಗೊಮ್ಮೆ ಎರಡು ಗಂಟೆ ಕಾಫಿಗೆ ಸಿಕ್ಕರೆ 200 ಗಂಟೆಗೆ 100 ತಿಂಗಳು, ಅಂದರೆ ಎಂಟು ವರ್ಷ ದಾಟುತ್ತದೆ. ಅಷ್ಟರೊಳಗೆ ಇಬ್ಬರಲ್ಲಿ ಒಬ್ಬರು ಕೆನಡಾದಲ್ಲಿರುತ್ತಾರೆ. ಹಾಸ್ಟೆಲ್ ಸ್ನೇಹ ಏಕೆ ಅಷ್ಟು ಗಟ್ಟಿ ಅನ್ನುವುದಕ್ಕೂ ಇದೇ ಕಾರಣವಿರಬೇಕು: ಅಲ್ಲಿ ಆ ಗಂಟೆಗಳು ಬಟ್ಟೆ ಒಗೆಯುತ್ತ, ಮೆಸ್ಸಿನ ಸಾಲಿನಲ್ಲಿ ನಿಲ್ಲುತ್ತ ತಾವಾಗಿ ಜಮೆಯಾಗುತ್ತಿದ್ದವು.

ತಂಗಿ ಆಫೀಸಿನಲ್ಲಿ ಯಾರೂ ಹತ್ತಿರವಾಗುತ್ತಿಲ್ಲ ಎಂದು ಎರಡು ದಿನದಿಂದ ಮಂಕಾಗಿದ್ದಾಳೆ. ಅವಳಿಗೆ ಹೇಳಿದೆ: ಸ್ನೇಹಕ್ಕೆಂದೇ ಬೇರೆ ಹೊತ್ತು ಹುಡುಕಬೇಡ, ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಒಬ್ಬರನ್ನು ಕರೆ. ಬ್ಲೌಸ್ ಹೊಲಿಯಲು ಕೊಡುವುದಿದ್ದರೆ, ಕನ್ನಡಕ ಕೊಳ್ಳುವುದಿದ್ದರೆ, ಜಯನಗರ ನಾಲ್ಕನೇ ಬ್ಲಾಕಿಗೆ ಚಪ್ಪಲಿಗೆ ಹೋಗುವುದಿದ್ದರೆ, "ಬರ್ತೀಯಾ?" ಅನ್ನು. ಚಪ್ಪಲಿ ಆರಿಸುವಾಗ ಮನುಷ್ಯರ ನಿಜವಾದ ಸ್ವಭಾವ ಹೊರಬೀಳುತ್ತದೆ.

ಡಿಸೆಂಬರ್ 6, ಶನಿವಾರ

ಮೇಷ್ಟ್ರನ್ನು ನೋಡಿ ಬಂದೆ. ನಮ್ಮ ಸಂದೇಶಗಳಲ್ಲಿನ ಒತ್ತು, ದೀರ್ಘ ತಿದ್ದುವ ಗೆಳತಿಗೆ ನಾವಿಟ್ಟ ಹೆಸರು. ಮದುವೆಯಾಗಿ ವೈಟ್‌ಫೀಲ್ಡಿಗೆ ಹೋದಳು. ನಮ್ಮ ಕಡೆಯವರಿಗೆ ಅದು ತವರು ಬಿಟ್ಟಂತಲ್ಲ, ರಾಜ್ಯವನ್ನೇ ಬಿಟ್ಟಂತೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿಯಾಗಿರದಿದ್ದರೆ ಈ ಸ್ನೇಹ ಹೊಸ ವರ್ಷದ ಶುಭಾಶಯಕ್ಕೆ ಇಳಿಯುತ್ತಿತ್ತು. ಈಗ ಆರ್.ವಿ. ರಸ್ತೆಯಿಂದ ಹಸಿರು, ಮೆಜೆಸ್ಟಿಕ್‌ನಲ್ಲಿ ಬದಲಿಸಿ ನೇರಳೆ, ಕಾಡುಗೋಡಿಯಲ್ಲಿ ಇಳಿದರೆ ಮುಗಿಯಿತು.

ದೂರ ಹೋದ ಸ್ನೇಹಿತರ ಮನೆಗೆ ಏನು ಒಯ್ಯಬೇಕು? ಹೂಗುಚ್ಛ ಬೇಡ, ಮೇಣದಬತ್ತಿಯಂತೂ ಬೇಡವೇ ಬೇಡ. ಅವರ ಹಳೇ ಏರಿಯಾದ ತಿಂಡಿ ಒಯ್ಯಿ. ನಾನು ವಿ.ವಿ. ಪುರದ ವಿ.ಬಿ. ಬೇಕರಿಯಿಂದ ಖಾರಾ ಬನ್, ದಿಲ್‌ಪಸಂದ್, ಕಾಂಗ್ರೆಸ್ ಕಡಲೆಬೀಜ ಕಟ್ಟಿಸಿಕೊಂಡಿದ್ದೆ. ಪೊಟ್ಟಣ ಬಿಚ್ಚಿದ ಮೇಷ್ಟ್ರು ಖಾರಾ ಬನ್ನನ್ನು ಮಧ್ಯಕ್ಕೆ ಸೀಳಿ, ಬೆಣ್ಣೆ ಸವರಿ, ನಡುವೆ ಕಡಲೆಬೀಜ ಒತ್ತಿ ನನ್ನ ಕೈಗಿಟ್ಟಳು. ಕಾಲೇಜು ಬಿಟ್ಟ ಸಂಜೆಗಳಲ್ಲಿ ಹೀಗೇ ಮಾಡುತ್ತಿದ್ದಳು. ಆಮೇಲೆ ಅತ್ತೆ ಮನೆಯ ವಿಷಯ ಶುರುವಾಯಿತು. ಅದನ್ನು ಡೈರಿಯಲ್ಲೂ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಡಿಸೆಂಬರ್ 14, ಭಾನುವಾರ

ಬೆಳಗ್ಗೆ ಆರಕ್ಕೆ ಗುಂಡನ ಫೋನು. ಅವನು ಅಷ್ಟು ಹೊತ್ತಿಗೆ ಎದ್ದಿದ್ದಾನೆ ಅಂದರೇ ಏನೋ ಆಗಿದೆ. "ಲಾಲ್‌ಬಾಗಿಗೆ ಬರ್ತೀಯಾ?" ಅಂದ. ಎರಡು ವರ್ಷದ ಪ್ರೀತಿ ನಿನ್ನೆ ರಾತ್ರಿ ಮುರಿದಿದೆ.

ಹೈದರಾಲಿ 1760ರಲ್ಲಿ ಶುರು ಮಾಡಿದ ಈ ತೋಟ ಕಷ್ಟದ ಮಾತಿಗೆ ಹೇಳಿ ಮಾಡಿಸಿದ ಜಾಗ. ಎದುರುಬದುರು ಕೂತರೆ ಮುಖ ನೋಡಬೇಕು. ಪಕ್ಕದಲ್ಲಿ ನಡೆಯುತ್ತಿದ್ದರೆ ಮರ ನೋಡಿಕೊಂಡೇ ಎಲ್ಲ ಹೇಳಬಹುದು. ಕೆರೆಯ ಕಡೆಯಿಂದ ಗಾಜಿನಮನೆಗೆ, ಅಲ್ಲಿಂದ ಬಂಡೆಯ ಮೇಲಕ್ಕೆ. ಅರ್ಧ ದಾರಿಯಲ್ಲಿ ಕೇಳಿದೆ: "ನಾನು ಏನಾದ್ರೂ ಹೇಳಬೇಕೋ, ಸುಮ್ನೆ ಕೇಳಿಸ್ಕೊಬೇಕೋ?"

"ಸುಮ್ನೆ ಕೇಳಿಸ್ಕೋ ಮಾರಾಯ್ತಿ."

ಕೇಳಿಸಿಕೊಂಡೆ. ಆ ಹುಡುಗಿಯನ್ನು ಒಂದು ಮಾತೂ ಬಯ್ಯಲಿಲ್ಲ, ನಾಳೆ ರಾಜಿಯಾದರೆ ನಾನು ಅವರ ಮನೆಗೆ ಊಟಕ್ಕೆ ಹೋಗಬೇಕಲ್ಲ. ಕೆಂಪೇಗೌಡ ಗೋಪುರದ ಹತ್ತಿರ ಕೂತಾಗ, "ನಾವು ಕೂತಿರೋ ಬಂಡೆಗೆ ಸುಮಾರು 300 ಕೋಟಿ ವರ್ಷ" ಎಂದು ಒಂದೇ ಒಂದು ಮಾತು ಬಾಯಿಗೆ ಬಂತು. ಗುಂಡ ಮೂಗು ಒರೆಸಿಕೊಂಡು, "ಅದಕ್ಕೇನು, ಅದು ಯಾರನ್ನೂ ಲವ್ ಮಾಡಿಲ್ಲ" ಅಂದ. ಇನ್ನು ಪರವಾಗಿಲ್ಲ ಅನ್ನಿಸಿತು. ಇಳಿದು ಹೋಗಿ ಇಡ್ಲಿ ತಿಂದೆವು. ಅಳುವವರನ್ನು ಖಾಲಿ ಹೊಟ್ಟೆಯಲ್ಲಿ ಮನೆಗೆ ಕಳಿಸಬಾರದು.

ಡಿಸೆಂಬರ್ 31, ಬುಧವಾರ

ಇವತ್ತು ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗೆ ಹೋಗುವ ಆಸೆ ತಂಗಿಗೆ ಇತ್ತು. ಹೋಗುವುದು ಕಷ್ಟವಲ್ಲ, ವಾಪಸ್ ಬರಲು ಆಟೊ ಹಿಡಿಯುವಷ್ಟರಲ್ಲಿ ಹೊಸ ವರ್ಷ ಹಳೆಯದಾಗಿರುತ್ತದೆ ಎಂದು ತಡೆದೆ. ಬದಲಿಗೆ ಎಲ್ಲರನ್ನೂ ನಮ್ಮ ಮನೆಗೇ ಕರೆದೆ. ಅವರೆಕಾಯಿ ಕಾಲ, ಸೊಗಡು ಇನ್ನೂ ಬೆರಳಿಗೆ ಅಂಟಿದೆ. ಸುಲಿದ ಕಾಳು ನೆನೆಹಾಕಿ, ದೊಡ್ಡ ಪಾತ್ರೆ ನಡುವೆ ಇಟ್ಟು, ಸುತ್ತ ಎಲ್ಲರೂ ಹಿತುಕಲು ಕೂತೆವು. ಹೆಬ್ಬೆರಳು ಒತ್ತಿದರೆ ಬೇಳೆ ಚಿಮ್ಮಿ ಒಮ್ಮೆ ಪಾತ್ರೆಗೆ, ಒಮ್ಮೆ ಎದುರಿನವರ ಕನ್ನಡಕಕ್ಕೆ. ತಿಪಟೂರಿನಿಂದ ಅಮ್ಮ ಫೋನಿನಲ್ಲೇ ಮಸಾಲೆ ಹೇಳಿಕೊಟ್ಟಳು. "ಹಿತಕಿದ ಬೇಳೆ ಒಬ್ಬಳೇ ಕೂತು ಮಾಡೋ ಸಾರಲ್ಲ ಕಣೇ, ಜನ ಇದ್ದಾರೆ ತಾನೇ?" ಅಂದಳು. ಇದ್ದರು. ತಂಗಿ ತನ್ನ ಆಫೀಸಿನ ಹುಡುಗಿಯೊಬ್ಬಳನ್ನೂ ಕರೆತಂದಿದ್ದಳು. ಇಬ್ಬರ ಕಾಲಲ್ಲೂ ಒಂದೇ ಥರದ ಹೊಸ ಚಪ್ಪಲಿ.

ಕೈಗಳೆಲ್ಲ ಕೆಲಸದಲ್ಲಿದ್ದುದರಿಂದ ಫೋನುಗಳು ಮೂಲೆ ಸೇರಿದವು. ಹನ್ನೆರಡಾದದ್ದು ಯಾರಿಗೂ ಗೊತ್ತಾಗಲಿಲ್ಲ, ಹೊರಗೆ ಪಟಾಕಿ ಸದ್ದಾದಾಗಲೇ ತಿಳಿದದ್ದು. ಆಗಲೇ ಮುಂದಿನ ಭೇಟಿ ಗೊತ್ತು ಮಾಡಿಬಿಟ್ಟೆವು: ಜನವರಿ 10, ಎರಡನೇ ಶನಿವಾರ, ಬೆಳಗ್ಗೆ ಹತ್ತಕ್ಕೆ ಮೇಷ್ಟ್ರ ಮನೆ. ಗುಂಡನಿಗೂ ಹತ್ತು ಗಂಟೆ ಅಂತಲೇ ಹೇಳಿದ್ದೇವೆ.