ಬರಿಗಾಲಿನ ಆಟ

ಬೋರನಕಣಿವೆ ಕೆರೆಯ ನೀರು ಇಳಿದ ಬೇಸಿಗೆಗಳಲ್ಲಿ ಅಂಗಳದ ಗೋಡುಮಣ್ಣಿನ ಮೇಲೆ ನಮ್ಮ ಶಾಲೆಯ ಹುಡುಗರು ಫುಟ್‌ಬಾಲ್ ಆಡುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗೋಲಿನ ಕಂಬಗಳೆಂದರೆ ನೆಟ್ಟ ತೆಂಗಿನ ಮಟ್ಟೆಗಳು. ಇದ್ದುದು ಒಂದೇ ಚೆಂಡು. ಅದರ ಬ್ಲಾಡರು ವಾರಕ್ಕೊಮ್ಮೆ ಸೈಕಲ್ ಅಂಗಡಿಗೆ ಹೋಗಿ ತೇಪೆ ಹಾಕಿಸಿಕೊಂಡು ಬರುತ್ತಿತ್ತು. ಬೂಟುಗಳ ಮಾತಂತೂ ಇರಲೇ ಇಲ್ಲ.

2017ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ತೀರಿಕೊಂಡ ಸುದ್ದಿಯನ್ನು ಓದಿದಾಗ ಆ ಕೆರೆಯಂಗಳವೂ ಒಬ್ಬ ಹುಡುಗನ ಮುಖವೂ ಒಟ್ಟಿಗೇ ಕಣ್ಣ ಮುಂದೆ ಬಂದು ನಿಂತವು. ಅಂದಿನಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತಲೇ ಬಂದಿದ್ದೇನೆ.

1926ರಲ್ಲಿ ಹುಟ್ಟಿದ ಅಹ್ಮದ್ ಖಾನರದು ಫುಟ್‌ಬಾಲ್ ಆಡುವ ಮನೆತನ. ಎಡಪಕ್ಕದ ಮುಂಚೂಣಿ ಆಟಗಾರರಾದ ಅವರು ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡವರಂತೆ ಓಡುತ್ತಿದ್ದ ರೀತಿಗೆ ಜನ 'ಹಾವಾಡಿಗ' ಎಂದು ಕರೆದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ತಂಡದಲ್ಲಿ ಅವರಿದ್ದರು. ಜುಲೈ 31ರಂದು ಇಲ್ಫರ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರಾಳಿ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು. ಆದರೂ ನೋಡಿದವರು ಚಪ್ಪಾಳೆ ತಟ್ಟಿದ್ದು ನಮ್ಮವರಿಗೇ.

ಅವರೆಲ್ಲ ಹವ್ಯಾಸಿಗಳು. ಆಗಿನ ಒಲಿಂಪಿಕ್ಸ್ ಸಂಬಳಕ್ಕೆ ಆಡುವವರದಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ವಿವಿಯನ್ ವುಡ್‌ವರ್ಡ್ ಎಂಬೊಬ್ಬರು ಈ ಬಗೆಯವರ ಪೈಕಿ ಹಿರಿಯರು. ವೃತ್ತಿಯಿಂದ ಕಟ್ಟಡ ವಿನ್ಯಾಸಕಾರರು, ದೇಶಕ್ಕಾಗಿ 23 ಪಂದ್ಯಗಳಲ್ಲಿ 29 ಗೋಲು ಹೊಡೆದರು, 1908 ಮತ್ತು 1912ರ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡಗಳ ನಾಯಕರು. ಅವರ ಕಾಲಿಗೆ ಬೂಟುಗಳಿದ್ದವು, ಅಷ್ಟೇ ವ್ಯತ್ಯಾಸ!

ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಇವರು 'ಪಂಚಪಾಂಡವರು' ಎನಿಸಿದರು. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲೂ ಇದ್ದರು. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಬೂಟು ಕಡ್ಡಾಯವಾದದ್ದು ಆ ಸೋಲಿನ ನಂತರವೇ.

ಇಲ್ಲೊಂದು ತಿದ್ದುಪಡಿ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಅದು ತಪ್ಪು. ತಂಡದ ಆಯ್ಕೆಯ ತಕರಾರು, ಅಭ್ಯಾಸಕ್ಕೆ ಸಮಯದ ಅಭಾವ, ಒಲಿಂಪಿಕ್ಸೇ ದೊಡ್ಡದೆಂಬ ಭಾವನೆ ಇವೇ ಕಾರಣಗಳು.

ಇನ್ನು ಆ ಹುಡುಗನ ವಿಷಯ. 1981ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ. ತಂದೆ ಕಾಯಿ ಸುಲಿಯುವ ಕೂಲಿ. ಅವನ ಎಡಗಾಲು ಅದ್ಭುತ. ತಾಲ್ಲೂಕು ಕ್ರೀಡಾಕೂಟಕ್ಕೆ ತಂಡ ಕರೆದೊಯ್ಯುವಾಗ ಉಳಿದವರು ಹೇಗೋ ಬೂಟು ಹೊಂದಿಸಿಕೊಂಡರು, ಇವನಿಗಾಗಲಿಲ್ಲ. "ಬೂಟಿಲ್ಲದೆ ಬಂದರೆ ಶಾಲೆಯ ಮರ್ಯಾದೆ ಏನಾಗಬೇಕು?" ಎಂದು ನಾನೇ ಅವನನ್ನು ಬಿಟ್ಟುಹೋದೆ. ಯಾವ ನಿಯಮವೂ ಹಾಗೆ ಹೇಳಿರಲಿಲ್ಲ. ಹಿಂತಿರುಗಿದ ಮೇಲೆ ಅವನು ಶಾಲೆಯಲ್ಲಿರಲಿಲ್ಲ. ಮತ್ತೆ ಬರಲೂ ಇಲ್ಲ. ನಾನು ಅವನ ಮನೆಯತನಕ ಹೋಗಿ ವಿಚಾರಿಸಲೂ ಇಲ್ಲ.

ಎರಡು ವರ್ಷಗಳ ಹಿಂದೆ ಹುಳಿಯಾರಿನ ಒಂದು ಮದುವೆಯಲ್ಲಿ ನರೆತ ತಲೆಯವರೊಬ್ಬರು ಬಂದು ಕಾಲಿಗೆರಗಿದರು. ಈಗ ಕೊಬ್ಬರಿ ವ್ಯಾಪಾರ, ಎರಡು ಹೆಣ್ಣುಮಕ್ಕಳ ಮದುವೆಯಾಗಿದೆ. ಇಷ್ಟು ವರ್ಷ ಹೊತ್ತುಕೊಂಡಿದ್ದುದನ್ನು ನಾನು ತಡವರಿಸುತ್ತ ಹೇಳಿದೆ.

"ಬಿಡಿ ಮೇಷ್ಟ್ರೇ, ಅದೇ ವಾರ ಅಪ್ಪ ಕೈ ಮುರ್ಕೊಂಡ್ರು. ಹೆಂಗೂ ಇಸ್ಕೂಲು ಬಿಡ್ಬೇಕಿತ್ತು" ಎಂದರು. ಎಲೆಯ ಮುಂದೆ ಕುಳಿತ ಮೇಲೆ ಮೆಲ್ಲಗೆ ಕೇಳಿದರು: "ಅವತ್ತು ಮ್ಯಾಚು ಏನಾಯ್ತು ಮೇಷ್ಟ್ರೇ?"

"ಸೋತೆವಪ್ಪ" ಎಂದೆ. "ಒಂದು ಗೋಲೂ ಹೊಡೆಯಲಾಗಲಿಲ್ಲ."

ಅವರು ತಲೆಯಾಡಿಸಿ, ಬಡಿಸಲು ಬಂದವನಿಗೆ ನನ್ನ ಎಲೆ ತೋರಿಸಿದರು.