ಪೆರೇರಾ ಪೆರಿಯಾದ ಊರು

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ನ್ಯೂ ಬೆಡ್‌ಫರ್ಡ್‌ನಲ್ಲಿ ಕಲ್ಲು ಹಾಸಿದ ಸಣ್ಣದೊಂದು ಏರು ಹತ್ತಿದರೆ 1832ರ ನಾವಿಕರ ಪ್ರಾರ್ಥನಾಮಂದಿರ. ಗೋಡೆಗಳ ತುಂಬ ಅಮೃತಶಿಲೆಯ ಫಲಕಗಳು, ಅವುಗಳಲ್ಲಿ ಕಡಲಿಗೆ ಹೋಗಿ ಮರಳದವರ ಹೆಸರುಗಳು. ಎದುರಿಗೇ ತಿಮಿಂಗಿಲ ಬೇಟೆಯ ಮ್ಯೂಸಿಯಂ. ಅಲ್ಲಿರುವ 'ಲಗೋಡಾ' ಹಡಗಿನ ಅರ್ಧ ಅಳತೆಯ ಮಾದರಿಯೇ 89 ಅಡಿ ಉದ್ದ! ಹತ್ತಿ ಓಡಾಡಬಹುದು, ತಲೆಯೆತ್ತಿದರೆ ಹಾಯಿ, ಹಗ್ಗಗಳದೇ ಕಾಡು.

19ನೇ ಶತಮಾನದಲ್ಲಿ ಇಲ್ಲಿಂದ ಹೊರಟ ಹಡಗುಗಳು ಪೋರ್ಚುಗಲ್‌ನ ಅಝೋರ್ಸ್ ದ್ವೀಪಗಳಲ್ಲಿ ತಂಗುತ್ತಿದ್ದವು. ಹೋರ್ಟಾ ಬಂದರಿನಲ್ಲಿ ನೀರು, ತರಕಾರಿ ತುಂಬಿಕೊಳ್ಳುವಾಗ ಆಳುಗಳನ್ನೂ ಹತ್ತಿಸಿಕೊಳ್ಳುತ್ತಿದ್ದವು. ಬಡತನಕ್ಕೂ ಸೈನ್ಯದ ಕಡ್ಡಾಯ ಸೇವೆಗೂ ಬೇಸತ್ತ ಹುಡುಗರು ವರ್ಷಗಟ್ಟಲೆ ಬೇಟೆಯಾಡಿ, ಕೊನೆಗೆ ಈ ಊರಲ್ಲೇ ನೆಲೆ ನಿಂತರು. ಮುಂದೆ ಬಂದವರನ್ನು ಇಲ್ಲಿನ ಹತ್ತಿ ಗಿರಣಿಗಳು ಕರೆದುಕೊಂಡವು.

ಇಲ್ಲಿ ಪೆರೇರಾ ಪೆರಿಯಾದ, ರೊಡ್ರಿಗಸ್ ರೋಜರ್ಸ್ ಆದ, ಒಲಿವೇರಾ ಆಲಿವರ್ ಆದ. ಹೀಗೆ ಬದಲಿಸಿದವರು ಯಾರು? ಕಿವಿಗೆ ಬಿದ್ದಂತೆ ಬರೆದುಕೊಂಡವರೂ ಇದ್ದರು, ಊರಲ್ಲಿ ಸುಲಭವಾಗಿ ಸೇರಿಹೋಗಲೆಂದು ತಾವೇ ಬದಲಿಸಿಕೊಂಡವರೂ ಇದ್ದರು. ಏರೋಸ್ಮಿತ್ ತಂಡದ ಗಿಟಾರ್ ವಾದಕ ಜೋ ಪೆರಿಯ ಮನೆತನವೂ ಮದೈರಾ ದ್ವೀಪದ ಪೆರೇರಾ ಕುಟುಂಬವೇ.

ಹಾಗೆಂದು ಪೆರಿಗಳೆಲ್ಲ ಪೆರೇರಾಗಳಲ್ಲ. ಜಪಾನಿನ ಬಂದರು ತೆರೆಸಿದ ಕಮೋಡೋರ್ ಪೆರಿ ಹುಟ್ಟಿದ್ದು ಹತ್ತಿರದ ನ್ಯೂಪೋರ್ಟ್‌ನಲ್ಲೇ ಆದರೂ ಅವನದು ಇಂಗ್ಲಿಷ್ ಮೂಲ. ಇಲ್ಲಿ ಗುಟ್ಟು ಬಿಟ್ಟುಕೊಡುವುದು ಮೊದಲ ಹೆಸರು. ಪೆರಿಯ ಮುಂದೆ ಮನುಯೆಲ್ ಎಂದೋ ಮರಿಯಾ ಎಂದೋ ಇದ್ದರೆ ದ್ವೀಪದ ಕಡೆ ಬೆರಳು ಮಾಡಬಹುದು.

ಮಂಗಳೂರಿನ ಪೆರೇರಾಗಳನ್ನು ಕಂಡವರಿಗೆ ಇದು ಇನ್ನಷ್ಟು ಸೋಜಿಗ. ಅವರ ಹಿರಿಯರಿಗೆ ಗೋವೆಯಲ್ಲಿ ದೀಕ್ಷಾಸ್ನಾನದೊಂದಿಗೆ ಬಂದ ಹೆಸರದು. ಮನೆಮಾತು ಕೊಂಕಣಿ, ಹೆಸರು ಮಾತ್ರ ಇಂದಿಗೂ ಇಡಿಯಾಗಿದೆ. ನ್ಯೂ ಬೆಡ್‌ಫರ್ಡ್‌ನವರು ನೇರ ಪೋರ್ಚುಗೀಸ್ ದ್ವೀಪಗಳಿಂದ ಬಂದವರು, ಆದರೂ ಹೆಸರನ್ನು ಕತ್ತರಿಸಿಕೊಂಡರು.

ಹೆಸರು ಬಿಟ್ಟರೂ ಹಬ್ಬ ಬಿಡಲಿಲ್ಲ. ಮದೈರಾದ ನಾಲ್ವರು 1915ರಲ್ಲಿ ಶುರುಮಾಡಿದ ಜಾತ್ರೆ ಆಗಸ್ಟ್‌ನಲ್ಲಿ ಊರನ್ನೇ ತುಂಬುತ್ತದೆ. ಉದ್ದನೆಯ ಕೆಂಡದ ಒಲೆ, ಆಳೆತ್ತರದ ಕಂಬಿಗೆ ಪೋಣಿಸಿದ ಮಾಂಸ; ಕೊಂಡವರೇ ನಿಂತು ಸುಟ್ಟುಕೊಳ್ಳಬೇಕು. ಜೊತೆಗೆ ಪೀಪಾಯಿಯಿಂದ ಇಳಿಸಿದ ಮದೈರಾ ವೈನ್. ಪೆರೇರಾ ಎಂದರೆ ಪೋರ್ಚುಗೀಸ್ ರಕ್ತ, ಪೆರಿ ಎಂದರೆ ಅಪ್ಪಟ ಇಂಗ್ಲಿಷ್ ಎಂದು ಲೆಕ್ಕ ಹಾಕಿಕೊಂಡು ಬಂದವರಿಗೆ ಈ ಹೊಗೆಯ ನಡುವೆ ಲೆಕ್ಕ ತಪ್ಪುವುದು ಖಂಡಿತ.